ಹದಿನಾಲ್ಕರ ಪೆಟ್ಟಿಗೆ

ಬೆಳಿಗ್ಗೆ ಒಂಬತ್ತೂವರೆಗೆ ನಾನು ಬಿಸಿಲಿನಿಂದ ಕತ್ತಲೆಗೆ ಹೋಗುತ್ತೇನೆ. ಕೊಪ್ಪದ ಹತ್ತಿರ ಬಾಳಗಡಿ ದಾಟಿ ಸ್ವಲ್ಪ ಒಳಗೆ ನಮ್ಮ ಕೇಂದ್ರದ ಉದ್ದನೆಯ ಕಟ್ಟಡವಿದೆ. ಅದರ ಕೊನೆಯ ಕೋಣೆಗೆ ಎರಡು ಬಾಗಿಲು. ಹೊರಗಿನದನ್ನು ಹಾಕಿಕೊಂಡ ಮೇಲೆಯೇ ಒಳಗಿನದನ್ನು ತೆಗೆಯಬೇಕು. ಒಳಗೆ ಒಂದು ಕೆಂಪು ಬಲ್ಬು ಮಾತ್ರ. ನಾವು ಮನೆಗೆ ಹೋದ ಮೇಲೆ ಅಲ್ಲಿ ಟ್ಯೂಬ್‌ಲೈಟು ತಾನಾಗಿ ಹತ್ತಿಕೊಳ್ಳುತ್ತದೆ. ಇರುಳಲ್ಲಿ ಓಡಾಡುವ ಪ್ರಾಣಿಗಳಿಗೆ ಹೀಗೆ ಹಗಲು ರಾತ್ರಿ ಅದಲುಬದಲು ಮಾಡಿಟ್ಟರೆ ನೋಡಿಕೊಳ್ಳುವವರಿಗೆ ಅನುಕೂಲ. ಮೊದಮೊದಲು ಆ ಕೋಣೆಗೆ ಹೋದರೆ ನನಗೆ ಯಾರದೋ ನಿದ್ದೆಯೊಳಗೆ ಕಾಲಿಟ್ಟ ಹಾಗಾಗುತ್ತಿತ್ತು. ಈಗ ಒಳಗೆ ಹೋಗುವುದು ಕಷ್ಟವಲ್ಲ. ಹೊರಗೆ ಬಂದಾಗ ಕಣ್ಣು ಕುಕ್ಕುತ್ತದೆ, ಜಗಲಿಯ ಕಂಬ ಹಿಡಿದು ಒಂದು ಗಳಿಗೆ ನಿಲ್ಲುತ್ತೇನೆ.

ಅಲ್ಲಿ ನಾನು ಸಾಕುವುದು ಇಲಿ. ಮನೆಯ ಇಲಿಯಲ್ಲ, ಹೆಗ್ಗಣವಲ್ಲ, ಲ್ಯಾಬುಗಳಲ್ಲಿ ಇಡುವ ಬಿಳಿ ಇಲಿಯೂ ಅಲ್ಲ. ಕಾಡಿನ ಹಳೆಯ ಮರಗಳ ಪೊಟರೆಯಲ್ಲಿ ಇರುವಂಥದು. ಬೆನ್ನಿನ ಮೇಲೆ ಕೆಂಗಂದು ಕೂದಲು, ಅದರ ನಡುನಡುವೆ ಚಪ್ಪಟೆ ಮುಳ್ಳು. ಬಾಲದ ತುದಿ ಬಾಟಲಿ ತೊಳೆಯುವ ಬ್ರಶ್ಶಿನ ಹಾಗೆ ಪೊದೆಯಾಗಿ, ಕೊನೆಯಲ್ಲಿ ಬಿಳಿ. ನಾವು ಮುಳ್ಳಿಲಿ ಅನ್ನುತ್ತೇವೆ. ಕಾಳುಮೆಣಸು ತಿಂದು ಹಾಳು ಮಾಡುತ್ತದೆ ಎಂದು ಬೈಯುವವರಿದ್ದಾರೆ, ಆದರೆ ಬೈಯುವವರಲ್ಲಿ ಅದನ್ನು ಕಣ್ಣಾರೆ ಕಂಡವರು ಕಡಿಮೆ.

ಕೇಂದ್ರದ ಮುಖ್ಯಸ್ಥೆ ಮೈಸೂರಿನ ಕಡೆಯವರು, ನನಗಿಂತ ಹದಿನೈದು ವರ್ಷ ಚಿಕ್ಕವರು. ನಾನು ಮೇಡಂ ಅನ್ನುತ್ತೇನೆ, ಅವರು ನನ್ನನ್ನು ಅಕ್ಕ ಅನ್ನುತ್ತಾರೆ. ಈ ಪ್ರಾಣಿ ಹೇಗೆ ಹೆರುತ್ತದೆ, ಎಷ್ಟು ದಿನ ಮೊಲೆಯುಣ್ಣಿಸುತ್ತದೆ, ಮರಿ ದಿನಕ್ಕೆ ಎಷ್ಟು ಬೆಳೆಯುತ್ತದೆ ಎಂಬುದನ್ನು ಸರಿಯಾಗಿ ಬರೆದಿಟ್ಟವರಿಲ್ಲ, ಅದನ್ನು ನಾವು ಬರೆಯಬೇಕು ಎಂದು ಕೆಲಸಕ್ಕೆ ಸೇರಿದ ದಿನವೇ ಹೇಳಿದ್ದರು. ಮರ ಹತ್ತಿ ಪ್ರಾಣಿ ಹಿಡಿಯುವವನು ಮೇಗುಂದದವನು, ತೋಟಗಳಲ್ಲಿ ನೆರಳಿನ ಮರ ಹತ್ತಿ ಕೊಂಬೆ ಕಡಿಯುವ ಮರಗಸಿ ಮಾಡಿ ಬೆಳೆದವನು. ಶೃಂಗೇರಿ ಕಡೆಯ ಕಾಡಿನಿಂದ ಕೆಲವನ್ನು ಅವನೇ ತಂದದ್ದು. ಇಲಾಖೆಯ ಅನುಮತಿಯ ಕಾಗದ ಅವನ ಅಂಗಿಜೇಬಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಸದಾ ಇರುತ್ತಿತ್ತು. ಹಿರೇಕೊಡಿಗೆಯಿಂದ ಬಸ್ಸಿಗೆ ಬರುವ ನನ್ನನ್ನು ಕಂಡರೆ ಅವನಿಗೆ ತಮಾಷೆ.

"ಊರವರೆಲ್ಲ ಇಲಿಗೆ ಪಾಷಾಣ ಇಡ್ತಾರೆ, ನೀವೊಬ್ರು ಬಾಣಂತನ ಮಾಡ್ಲಿಕ್ಕೆ ಹೊರಡ್ತೀರಲ್ಲ ಮಾರಾಯ್ರೆ" ಎನ್ನುತ್ತಿದ್ದ.

ಕೆಲಸ ಬಾಣಂತನದ ಹಾಗೆಯೇ ಇತ್ತು. ಹಲಸಿನ ಬೀಜ ಬೇಯಿಸಿ ಸಿಪ್ಪೆ ತೆಗೆದು ನಾಲ್ಕು ಹೋಳು ಮಾಡುವುದು, ಪೇರಲೆ ಹೆಚ್ಚುವುದು, ಕಾಳುಮೆಣಸಿನ ಹಸಿ ಕದಿರು ಸಿಕ್ಕ ಕಾಲಕ್ಕೆ ಒಂದೊಂದು ತಂತಿ ಗೂಡಿಗೆ ಎರಡೆರಡು ಕಟ್ಟುವುದು. ನೀರಿನ ಬಾಟಲಿ ತಿಕ್ಕಿ ಕುದಿನೀರಲ್ಲಿ ಅದ್ದುವುದು. ಕಾಡಿನ ಒಣ ಎಲೆ ತಂದರೆ ಹಾಗೇ ಒಳಗೆ ಬಿಡುವಂತಿಲ್ಲ. ಮಂಗನ ಕಾಯಿಲೆ ಹರಡುವ ಉಣುಗು ಹುಳ ಇದ್ದೀತು ಎಂದು ತಟ್ಟೆಯಲ್ಲಿ ಹರಡಿ ಲ್ಯಾಬಿನ ಓವನ್ನಿನಲ್ಲಿ ಬಿಸಿ ಮಾಡಿ, ಆರಿಸಿ, ಆಮೇಲೆ ಪ್ರತಿ ಗೂಡಿಗೂ ಒಂದೊಂದು ಹಿಡಿ. ಆ ಎಲೆಯನ್ನು ಅವು ಬಾಯಲ್ಲಿ ಕಚ್ಚಿ ಮರದ ಪೆಟ್ಟಿಗೆಯೊಳಗೆ ಒಯ್ದು ಹಾಸಿಗೆ ಮಾಡಿಕೊಳ್ಳುತ್ತಿದ್ದವು. ಪೆಟ್ಟಿಗೆ ಅಂದರೆ ಪೊಟರೆಯ ಬದಲಿಗೆ ನಾವು ಕೊಟ್ಟದ್ದು. ಒಂದು ತೂತು, ಮೇಲೊಂದು ಜಾರುವ ಮುಚ್ಚಳ. ಒಬ್ಬರ ವಾಸನೆ ಸಾಕು, ಹತ್ತು ಜನರದ್ದು ಬೇಡ ಎಂದು ಮೇಡಂ ಮರಿ ಹಾಕುವ ಗೂಡುಗಳ ಹತ್ತಿರ ನನ್ನೊಬ್ಬಳನ್ನೇ ಬಿಡುತ್ತಿದ್ದರು. ಅವರು ಬಾಗಿಲ ಬಳಿಯಿಂದ ನೋಡಿ ಹೋಗುತ್ತಿದ್ದರು.

ಮರಿಗಳು ಉಳಿಯುತ್ತಿರಲಿಲ್ಲ. ಅದೇ ನಮ್ಮ ಕಷ್ಟ. ಮೊದಲ ವರ್ಷ ಮೂರು ತಾಯಿಗಳು ಹೆತ್ತವು. ನಿಯಮದ ಪ್ರಕಾರ ಹೆತ್ತ ದಿನವೇ ಮುಚ್ಚಳ ಜಾರಿಸಿ ಮರಿ ಎಣಿಸಿ, ಒಂದೊಂದನ್ನೇ ಎತ್ತಿ ಸಣ್ಣ ತಕ್ಕಡಿಯಲ್ಲಿಟ್ಟು ತೂಕ ಬರೆಯಬೇಕು. ಬರೆದೆ. ಮರುದಿನ ಹೋದರೆ ಮರಿ ಇಲ್ಲ. ಒಂದು ಪೆಟ್ಟಿಗೆಯಲ್ಲಿ ಎಲೆಯ ಮೇಲೆ ಒಂದು ಚುಕ್ಕೆ ರಕ್ತ, ಒಂದರಲ್ಲಿ ಅದೂ ಇಲ್ಲ. ಇನ್ನೊಂದರಲ್ಲಿ ಉಳಿದದ್ದನ್ನು ನಾನು ಕಾಗದದಲ್ಲಿ ಸುತ್ತಿ ಮೇಡಂ ಮೇಜಿನ ಮೇಲಿಟ್ಟೆ. ಕಾಡಿನಿಂದ ಬಂದ ಗಾಬರಿ ಇನ್ನೂ ಹೋಗಿಲ್ಲ, ಆಹಾರದಲ್ಲಿ ಏನೋ ಕೊರತೆಯಿದೆ ಎಂದು ಅವರು ಪುಸ್ತಕ ತಿರುವಿದರು. ಮೊಟ್ಟೆಯ ಬಿಳಿ ಸೇರಿಸಿ ನೋಡಿದೆವು.

ನಮ್ಮ ಅತ್ತೆಗೆ ಇದನ್ನು ಹೇಳಿದ್ದು ಒಂದು ಸಂಜೆ ಅಕ್ಕಿ ಆರಿಸುತ್ತ. ಅವರು ಮೊರದಿಂದ ತಲೆ ಎತ್ತಲಿಲ್ಲ.

"ಎಂತದೇ ಅದು, ಹೆತ್ತ ದಿನವೇ ಬಾಣಂತಿ ಮಗ್ಗುಲಿಗೆ ಕೈ ಹಾಕುದಾ? ಬೆಕ್ಕು ಅಟ್ಟದಲ್ಲಿ ಮರಿ ಹಾಕಿದ್ರೂ ನಾವು ಹತ್ತಿ ನೋಡುದಿಲ್ಲ. ಎಷ್ಟು ಮರಿ ಅಂತ ಬಾಯಲ್ಲೂ ಹೇಳುದಿಲ್ಲ."

ಅದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ನಮ್ಮ ಕಡೆ ಹೆರಿಗೆಯಾದ ಮನೆಗೆ ಹತ್ತು ದಿನ ಅಮೆ, ಅಂದರೆ ಪುರುಡಿನ ಮೈಲಿಗೆ. ಬಾಣಂತಿಯ ಕೋಣೆಗೆ ನೋಡಿಕೊಳ್ಳುವ ಒಬ್ಬಳು ಬಿಟ್ಟರೆ ಯಾರೂ ಇಣುಕುವಂತಿಲ್ಲ. ನಾಯಿ ಬೆಕ್ಕಿನ ವಿಷಯದಲ್ಲೂ ನಾವು ಮಕ್ಕಳಾಗಿದ್ದಾಗ, ಕಣ್ಣು ಬಿಡುವ ಮೊದಲು ಮರಿ ಎಣಿಸಿದರೆ ತಾಯಿ ತಿಂದುಬಿಡುತ್ತದೆ ಎಂದು ಹೆದರಿಸುತ್ತಿದ್ದರು. ಇಷ್ಟೆಲ್ಲ ಗೊತ್ತಿದ್ದೂ ಆ ಕೋಣೆಯಲ್ಲಿ ನಾನು ಮೂರು ಸಲ ಎಣಿಸಿದ್ದೆ. ಲ್ಯಾಬಿಗೆ ಬೇರೆ ನ್ಯಾಯ ಅಂದುಕೊಂಡಿದ್ದೆನೋ ಏನೋ.

ಮುಂದೆ ಒಂಬತ್ತನೇ ಗೂಡಿನದು ಹೆತ್ತಿತು. ಪೆಟ್ಟಿಗೆಯೊಳಗಿಂದ ಸಣ್ಣ ಚೀಂ ಚೀಂ ಕೇಳಿದಾಗ ಮುಚ್ಚಳದ ಮೇಲೆ ಕೈಯಿಟ್ಟವಳು ತೆಗೆಯಲಿಲ್ಲ. ಪಕ್ಕದ ಮೇಜಿನಲ್ಲಿ ರಿಜಿಸ್ಟರ್ ತೆರೆದಿತ್ತು. ಮರಿಗಳ ಸಂಖ್ಯೆ, ತೂಕ, ಎರಡೂ ಖಾನೆ ಖಾಲಿ. ಎರಡು ಎಂದು ಬರೆದೆ. ಹಿಂದಿನ ಮೂರು ಹೆರಿಗೆಯ ಮೊದಲ ದಿನದ ತೂಕ ನನ್ನದೇ ಕೈಬರಹದಲ್ಲಿ ಇತ್ತಲ್ಲ, ಅದನ್ನು ನೋಡಿ ಹೆಚ್ಚುಕಡಿಮೆ ಅಷ್ಟೇ ಬರೆದೆ. ಹಿಂದಿನವು ಮರುದಿನಕ್ಕೆ ಉಳಿದಿರಲಿಲ್ಲವಲ್ಲ, ಎರಡನೇ ದಿನದಿಂದ ನೋಡಿ ಬರೆಯಲು ಏನೂ ಇರಲಿಲ್ಲ. ದಿನಾ ಇಷ್ಟಿಷ್ಟು ಏರಿಸುತ್ತ ಹೋದೆ. ಒಂದು ದಿನ ನಿಜವೆನಿಸಲಿ ಎಂದು ಸ್ವಲ್ಪ ಇಳಿಸಿಯೂ ಬರೆದೆ. ಆ ಬುದ್ಧಿ ಎಲ್ಲಿಂದ ಬಂತು ಎಂದು ನನಗೆ ಈಗಲೂ ಆಶ್ಚರ್ಯ.

ಮೇಡಂಗೆ ಹೇಳಬಹುದಿತ್ತು. ಪಿಎಚ್‌ಡಿ ಮಾಡಿದವರ ಎದುರು ನಿಂತು ಅಮೆ, ದೃಷ್ಟಿ, ನಮ್ಮ ಅತ್ತೆ ಹೇಳಿದರು ಎಂದು ಹೇಗೆ ಹೇಳುವುದು? ನಾಚಿಕೆ. ಮರಿ ಉಳಿದರೆ ಆಮೇಲೆ ಹೇಳುವಾ ಅಂದುಕೊಂಡೆ.

ಉಳಿದವು. ಮೂರು ವಾರದ ಮೇಲೆ ಒಂದು ಬೆಳಿಗ್ಗೆ ತೂತಿನಿಂದ ಒಂದು ಮೂಗು ಬಂತು, ಅದರ ಮೇಲೆ ಇನ್ನೊಂದು ಮೂಗು. ಸರಿಯಾಗಿ ಎರಡೇ. ನಾನು ಹೊರಗೆ ಬಂದು ಕೂಗಲಿಲ್ಲ, ಮೇಡಂ ಕೋಣೆಯ ಬಾಗಿಲಲ್ಲಿ ನಿಂತು ಕೈಯಿಂದ ಕರೆದೆ. ಅವರು ಕೆಂಪು ಬೆಳಕಿನಲ್ಲಿ ಕೆಳಗೆ ಕೂತೇಬಿಟ್ಟರು. ಸಾಯಂಕಾಲ ಕೊಪ್ಪದಿಂದ ಮೈಸೂರುಪಾಕು ತರಿಸಿ ಹಂಚಿದರು. ಮರ ಹತ್ತುವವನು ಎರಡು ತುಂಡು ತಿಂದು, ಇಲಿಯ ನಾಮಕರಣದ ಊಟ ಇದೇ ಮೊದಲು ಉಂಡದ್ದು ಎಂದ. ಆ ದಿನ ಹೇಳಬೇಕಿತ್ತು. ಅಷ್ಟು ಸಂತೋಷದ ನಡುವೆ, ಮೇಡಂ, ಆ ತೂಕವೆಲ್ಲ ಸುಳ್ಳು ಎನ್ನಲು ಬಾಯಿ ಬರಲಿಲ್ಲ.

ಅವರು ಆ ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿ ಗೆರೆ ಎಳೆಸಿದರು. ಏರುತ್ತ ಹೋಗುವ ಒಂದು ಗೆರೆ, ನಡುವೆ ಒಂದು ಸಣ್ಣ ತಗ್ಗು. ಅದನ್ನು ಪ್ರಿಂಟು ತೆಗೆದು ಗೋಡೆಗೆ ಅಂಟಿಸಿದರು. ನಾನು ದಿನಕ್ಕೆ ಹತ್ತು ಸಲ ಅದರ ಎದುರಿನಿಂದ ಹಾದುಹೋಗಬೇಕಿತ್ತು. ಆ ತಗ್ಗಿನ ದಿನ ಏನಾಗಿರಬಹುದು ಎಂದು ಅವರು ಒಮ್ಮೆ ನನ್ನನ್ನೇ ಕೇಳಿದರು. ಸೆಕೆ ಜಾಸ್ತಿಯಿತ್ತು ಎಂದೆ.

ಒಂಬತ್ತರ ಎರಡೂ ಮರಿ ಗಂಡು. ಉಳಿದ ಹೆಣ್ಣುಗಳಿಗೆ ವಯಸ್ಸಾಗಿತ್ತು, ಒಂಬತ್ತೂ ಆಮೇಲೆ ಸೊರಗಿತು. ಹೆರಬಹುದಾದ್ದು ಅಂದರೆ ಹದಿನಾಲ್ಕನೇ ಗೂಡಿನದು ಒಂದೇ. ಅದು ನರಸಿಂಹರಾಜಪುರದ ಆಚೆ ಒಂದು ಕಾಫಿ ತೋಟದಲ್ಲಿ ಹಳೇ ಮರ ಉರುಳಿದಾಗ ಪೊಟರೆಯಲ್ಲಿ ಸಿಕ್ಕಿದ್ದು. ಹತ್ತುವವನು ತನ್ನ ಹೆಗಲ ಮೇಲಿನ ಬೈರಾಸಿನಲ್ಲಿ ಸುತ್ತಿ, ಎದೆಗೆ ಒತ್ತಿಕೊಂಡು ಬಸ್ಸಿನಲ್ಲಿ ತಂದಿದ್ದ. ಬಟ್ಟೆ ದಾಟಿ ಅವನ ಎದೆಯ ಮೇಲೆ ಮುಳ್ಳಿನ ಗೀರು. ಹಿಂಗಾಲಿನ ಗಾಯಕ್ಕೆ ತಿಂಗಳುಗಟ್ಟಲೆ ನಾನು ಔಷಧಿ ಹಚ್ಚಿದ್ದೆ, ಹಾಗಾಗಿ ನನ್ನ ಕೈಗೆ ಅದು ಹೊಂದಿಕೊಂಡಿತ್ತು. ಅವನು ಬಂದಾಗಲೆಲ್ಲ ಮೊದಲು ಕೇಳುವುದು, ನಮ್ಮ ಕುಂಟಿ ಹೇಗಿದ್ದಾಳೆ ಎಂದು.

ನಮ್ಮ ಅನುಮತಿ ಮಳೆಗಾಲ ಮುಗಿಯುವವರೆಗೆ. ಇಲ್ಲಿ ಹುಟ್ಟಿದ ಹೆಣ್ಣು ಮರಿ ಒಂದನ್ನಾದರೂ ದೊಡ್ಡದು ಮಾಡಿ ತೋರಿಸಿದರೆ ಮುಂದುವರಿಯುತ್ತದೆ, ಇಲ್ಲದಿದ್ದರೆ ಈ ಸಾಕಣೆ ಇಲ್ಲಿಗೇ ನಿಲ್ಲುತ್ತದೆ ಎಂದು ಮೇಡಂ ನಮ್ಮಿಬ್ಬರನ್ನೂ ಕೂರಿಸಿ ಹೇಳಿದ್ದರು. ಹದಿನಾಲ್ಕರ ಹೊಟ್ಟೆ ದೊಡ್ಡದಾಗಿದ್ದು ಜೂನಿನಲ್ಲಿ.

ಈ ಸಲ ತಾನೂ ಒಳಗೆ ಬರುತ್ತೇನೆ ಎಂದರು ಮೇಡಂ. ಒಂಬತ್ತರ ಲೆಕ್ಕ ಸಿಕ್ಕಿದೆ, ಮುಟ್ಟಿದರೆ ತೊಂದರೆಯಿಲ್ಲ ಎಂಬುದು ಗೊತ್ತಾಯಿತು, ಈಗ ಎರಡು ಹೊತ್ತೂ ತೂಕ ತೆಗೆಯೋಣ ಎಂದರು. ಈ ಪೆಟ್ಟಿಗೆಯನ್ನು ಒಂದು ಹತ್ತು ದಿನ ಹಾಗೇ ಬಿಟ್ಟುಬಿಡುವ ಎಂದೆ.

"ಯಾಕೆ ಅಕ್ಕ? ಒಂಬತ್ತಕ್ಕೆ ಹೆತ್ತ ದಿನದಿಂದ ನೀವೇ ಕೈಹಾಕಿ ತೂಕ ಮಾಡಿದ್ರಲ್ಲ" ಎಂದರು ಮೇಡಂ. ಅದರಲ್ಲಿ ಸಂಶಯವಿರಲಿಲ್ಲ, ಮೆಚ್ಚುಗೆ ಇತ್ತು.

ನಾನು ತಕ್ಕಡಿ ಒರೆಸಿಡಲು ಹೋದೆ.

ಹೆತ್ತ ದಿನ ಮುಚ್ಚಳ ಜಾರಿಸಿದವಳು ನಾನೇ. ಅಂಗೈಗೆ ಅದರದೇ ಎಲೆ ಉಜ್ಜಿಕೊಂಡು ಕೈ ಇಳಿಸಿದೆ. ಹದಿನಾಲ್ಕು ಓಡಲಿಲ್ಲ. ಮೂಲೆಗೆ ಸರಿದು, ಮುಳ್ಳು ನಿಮಿರಿಸಿಕೊಂಡು, ನನ್ನ ಬೆರಳು ಮೂಸಿತು. ಗುರುತು ಸಿಕ್ಕ ಮೇಲೆ ಮುಳ್ಳು ಇಳಿಯಿತು. ಮೂರು ಮರಿ. ಹೆಬ್ಬೆರಳಿನ ಮೇಲಿನ ಗಂಟಿನಷ್ಟು, ಕೂದಲಿಲ್ಲದ, ಒಳಗಿನ ಹಾಲು ಹೊರಗೆ ಕಾಣುವಷ್ಟು ತೆಳುವಾದ ಚರ್ಮ. ತಕ್ಕಡಿಯ ತಣ್ಣನೆ ತಟ್ಟೆಗೆ ಬಟ್ಟೆ ಹಾಸಿ ಇಟ್ಟೆ. ಎರಡು ಹೆಣ್ಣಿರಬಹುದು ಎಂದರು ಮೇಡಂ. ಮೊದಲ ದಿನದ ತೂಕ ಒಂಬತ್ತರದ್ದಕ್ಕೆ ಹತ್ತಿರವೇ ಇತ್ತು.

ಮರುದಿನ ಜೀವ ಕೈಯಲ್ಲಿ ಹಿಡಿದು ಹೋದೆ. ಮೂರೂ ಇದ್ದವು. ಅದರ ಮರುದಿನವೂ ಇದ್ದವು. ನನ್ನ ಕೈ ಅದಕ್ಕೆ ಗೊತ್ತು, ಅದಕ್ಕೇ ಸಹಿಸುತ್ತಿದೆ, ಹಾಗಾದರೆ ನಾನು ಹೇಳದಿದ್ದರೂ ನಡೆದೀತು ಎಂದು ಮನಸ್ಸು ಸಡಿಲವಾಯಿತು. ಬಸ್ಸಿನಲ್ಲಿ ಬರುವಾಗ ಪಕ್ಕದವರ ಜೊತೆ ಅಡಿಕೆ ಔಷಧಿಯ ಮಾತನಾಡುವಷ್ಟು ಸಡಿಲ.

ನಾಲ್ಕನೇ ದಿನ ಮೇಡಂ ಗೋಡೆಯ ಹಾಳೆಯನ್ನು ಕಿತ್ತು ತಂದು ರಿಜಿಸ್ಟರಿನ ಪಕ್ಕದಲ್ಲಿಟ್ಟು ನೋಡಿದರು. ಒಂಬತ್ತರ ಮರಿ ನಾಲ್ಕನೇ ದಿನಕ್ಕೆ ಎಷ್ಟಿತ್ತು, ಇವು ಎಷ್ಟಿವೆ. ಇವು ಏರಿಯೇ ಇರಲಿಲ್ಲ ಅನ್ನಬೇಕು. ನಿಜವಾದ ಮರಿ ಎಷ್ಟು ನಿಧಾನ ಬೆಳೆಯುತ್ತದೆ ಎಂಬುದು ನನಗೂ ಅಂದೇ ತಿಳಿದದ್ದು. ನಾನು ಕರುವಿನ ಅಂದಾಜಿನಲ್ಲಿ ಇಲಿಮರಿ ಬೆಳೆಸಿದ್ದೆ.

ತಾಯಿಗೆ ಹಾಲು ಸಾಲುತ್ತಿಲ್ಲ, ಹೀಗೇ ಬಿಟ್ಟರೆ ಸಾಯುತ್ತವೆ ಎಂದು ಅವರಿಗೆ ದಿಗಿಲಾಯಿತು. ಹಾಲಿನ ಪುಡಿ ಕದಡಿ, ಸಣ್ಣ ಬ್ರಶ್ಶಿನ ತುದಿಯಿಂದ ಹನಿ ಹನಿ ಕುಡಿಸಬೇಕು, ದಿನಕ್ಕೆ ನಾಲ್ಕು ಸಲ. ಅವರು ನೀರು ಕಾಯಿಸಲು ಹೋದಾಗ ನಾನು ಆ ಕೆಂಪು ಬೆಳಕಿನಲ್ಲಿ ಒಬ್ಬಳೇ ನಿಂತಿದ್ದೆ. ಹಾಳೆ ಮೇಜಿನ ಮೇಲಿತ್ತು. ಆ ಗೆರೆ ಸುಳ್ಳು, ಈ ಮರಿಗಳು ಸರಿಯಾಗಿವೆ ಎಂಬ ಒಂದು ಮಾತು. ಅವರು ಬರುವ ಹೆಜ್ಜೆ ಕೇಳಿತು. ಹೊರಬಾಗಿಲು ತೆರೆದು ಮುಚ್ಚಿದ ಸದ್ದು, ಒಳಬಾಗಿಲು ತೆರೆಯುವ ಮೊದಲು ಒಂದು ಕ್ಷಣದ ನಿಶ್ಶಬ್ದ. ಆ ಕ್ಷಣ ಇವತ್ತಿಗೂ ದಿನಾ ಬರುತ್ತದೆ, ಯಾರು ಆ ಬಾಗಿಲಲ್ಲಿ ಬಂದರೂ.

ಹೇಳಲಿಲ್ಲ. ಅವರು ಬಟ್ಟಲು ಕೊಟ್ಟರು, ನಾನು ಮುಚ್ಚಳ ಜಾರಿಸಿದೆ. ಅಂದು ನಾಲ್ಕು ಸಲ ಜಾರಿಸಿದೆ. ಎರಡನೇ ಸಲಕ್ಕೆ ಹದಿನಾಲ್ಕು ಬೆರಳು ಮೂಸುವುದನ್ನು ಬಿಟ್ಟಿತು. ಮೂರನೇ ಸಲ ಮರಿಗಳ ಮೇಲೆ ಅಡ್ಡ ಮಲಗಿತು, ನಾನು ಅದನ್ನು ಎತ್ತಿ ಪಕ್ಕಕ್ಕಿಟ್ಟೆ. ನಾಲ್ಕನೇ ಸಲ ಅದು ಎದ್ದು ತಾನೇ ಹೊರಗೆ ಹೋಗಿ ಗೂಡಿನ ತುದಿಯಲ್ಲಿ ಬೆನ್ನು ಮಾಡಿ ಕೂತಿತು. ಒಳ್ಳೆಯದೇ ಆಯಿತು, ಅಡ್ಡ ಬರುತ್ತಿಲ್ಲ ಎಂದರು ಮೇಡಂ. ನಾನು ಆ ಬೆನ್ನನ್ನೇ ನೋಡುತ್ತ ಮುಚ್ಚಳ ಮುಚ್ಚಿದೆ.

ಬೆಳಿಗ್ಗೆ ಪೆಟ್ಟಿಗೆಯಲ್ಲಿ ಎಲೆ ಮಾತ್ರ ಇತ್ತು.

ನಾನು ಎಲೆಯನ್ನೆಲ್ಲ ಬಿಡಿಸಿ ನೋಡಿದೆ. ಇರುವುದಿಲ್ಲ ಎಂದು ಗೊತ್ತಿದ್ದೂ ಗೂಡಿನ ಮೂಲೆ, ನೀರಿನ ಬಾಟಲಿಯ ಹಿಂದೆ, ತಟ್ಟೆಯ ಕೆಳಗೆ, ಎಲ್ಲ ಕಡೆ ನೋಡಿದೆ. ಕೈ ತೊಳೆಯದೆ ಮೇಡಂ ಕೋಣೆಗೆ ಹೋಗಿ ನಿಂತೆ. ಹದಿನಾಲ್ಕರದ್ದು ಹೋಯಿತು ಎಂದೆ, ಅದೇ ಉಸಿರಿನಲ್ಲಿ ಉಳಿದದ್ದನ್ನೂ ಹೇಳಿದೆ. ಒಂಬತ್ತರ ಪೆಟ್ಟಿಗೆ ತೆರೆದೇ ಇರಲಿಲ್ಲ, ತೂಕ ಎಲ್ಲ ನನ್ನ ತಲೆಯಿಂದ ಬರೆದದ್ದು, ಯಾರೂ ನೋಡದಿದ್ದಕ್ಕೇ ಅವು ಉಳಿದದ್ದು ಎಂದೆ. ಅಮೆಯ ಮಾತೂ ಹೇಳಿದೆ. ಅದನ್ನು ಹೇಳುವಾಗ ಯಾವ ನಾಚಿಕೆಯೂ ಆಗಲಿಲ್ಲ.

"ಎಲ್ಲ ದಿನದ್ದೂ?" ಎಂದು ಕೇಳಿದರು.

"ಎಲ್ಲ ದಿನದ್ದೂ ಮೇಡಂ."

ಅವರು ಕೈಯಲ್ಲಿದ್ದ ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟರು. ಆಮೇಲೆ, "ನಿನ್ನೆ ಹೇಳಿದ್ರೆ ಸಾಕಿತ್ತು ಅಕ್ಕ" ಎಂದರು. ಅಷ್ಟೇ. ಬೈದಿದ್ದರೆ ನಾನು ಇಷ್ಟು ವರ್ಷ ಅದನ್ನು ಹೊತ್ತು ತಿರುಗುತ್ತಿರಲಿಲ್ಲವೇನೋ.

ಕೆಲಸದಿಂದ ತೆಗೆಯುತ್ತಾರೆ ಎಂದುಕೊಂಡಿದ್ದೆ. ಊಟದ ಡಬ್ಬಿ, ಕೊಡೆ ಎಲ್ಲ ಚೀಲಕ್ಕೆ ತುಂಬಿಕೊಂಡು ಜಗಲಿಯಲ್ಲಿ ಕೂತಿದ್ದೆ. ಮಧ್ಯಾಹ್ನ ಅವರು ರಿಜಿಸ್ಟರ್ ತಂದು ಪಕ್ಕದಲ್ಲಿಟ್ಟರು. ಒಂಬತ್ತರ ಪುಟದ ಅಂಕಿಗಳ ಮೇಲೆಲ್ಲ ಅಡ್ಡ ಗೆರೆ ಎಳೆದು, ಪ್ರತಿ ಸಾಲಿನಲ್ಲೂ 'ನೋಡಿಲ್ಲ' ಎಂದು ಬರೆಯಲು ಹೇಳಿದರು. ಬರೆದೆ. ಇಪ್ಪತ್ತಕ್ಕೂ ಹೆಚ್ಚು ಸಲ ಬರೆದೆ. ಪ್ರಾಣಿಗಳಿಗೆ ನಿಮ್ಮ ಕೈ ಗೊತ್ತು, ನೀವು ಹೋದರೆ ಅವಕ್ಕೆ ಕಷ್ಟ ಎಂದು ಹೇಳಿ ಒಳಗೆ ಹೋದರು. ಕಂಪ್ಯೂಟರಿನಲ್ಲಿದ್ದ ಗೆರೆಯನ್ನು ಅವರೇ ಅಳಿಸಿರಬೇಕು.

ಹತ್ತುವವನು ಆ ಶುಕ್ರವಾರ ಬಂದ. ಮೇಡಂ ಅವನಿಗೆ ಮರಿ ಹೋದದ್ದನ್ನು ಮಾತ್ರ ಹೇಳಿದ್ದರು. ಅವನು ಎಲೆ ಆರಿಸುತ್ತಿದ್ದ ನನ್ನ ಎದುರು ಕುಕ್ಕರಗಾಲಲ್ಲಿ ಕೂತು, ತಾನೂ ಒಂದು ಹಿಡಿ ತೆಗೆದುಕೊಂಡು ಆರಿಸತೊಡಗಿದ.

"ಅಕ್ಕಾ, ನೀವು ಮುಟ್ಟಿದ್ರಾ?" ಎಂದ.

"ಮುಟ್ಟಿದೆ."

"ಗೊತ್ತಿದ್ದೂ?"

ಹೌದು ಎಂದೆ. ಅವನು ಎಲೆ ಆರಿಸಿ ಮುಗಿಸಿ ಎದ್ದು ಹೋದ. ಆಮೇಲೆ ಬಾಣಂತನದ ತಮಾಷೆ ಅವನ ಬಾಯಲ್ಲಿ ಬರಲಿಲ್ಲ.

ಮಳೆ ಮುಗಿದ ಮೇಲೆ ಇಲಾಖೆಯವರು ಬಂದು ನೋಡಿದರು. ಇರುವ ಪ್ರಾಣಿಗಳನ್ನು ಅವು ಇರುವವರೆಗೆ ನೋಡಿಕೊಳ್ಳಿ, ಹೊಸದು ಹಿಡಿಯುವುದು ಬೇಡ ಎಂದು ಕಾಗದ ಬಂತು. ಅವನಿಗೆ ಇಲ್ಲಿ ಮರ ಹತ್ತುವ ಕೆಲಸ ಉಳಿಯಲಿಲ್ಲ. ಈಗ ಶೃಂಗೇರಿ ಕಡೆ ತೋಟದ ಕೆಲಸಕ್ಕೆ ಹೋಗುತ್ತಾನೆ ಎಂದು ಕೇಳಿದ್ದೇನೆ. ಮೇಡಂ ತಿಂಗಳಿಗೊಮ್ಮೆ ಬರುತ್ತಾರೆ. ಹೆರಿಗೆಯಾದರೆ ಹತ್ತು ದಿನ ಪೆಟ್ಟಿಗೆ ತೆರೆಯಬಾರದು ಎಂದು ಅವರು ಬರೆದು ಹಾಕಿದ ನಿಯಮ ಒಳಬಾಗಿಲಿನ ಮೇಲಿದೆ. ಅದನ್ನು ಪಾಲಿಸುವ ಸಂದರ್ಭ ಮಾತ್ರ ಬರಲಿಲ್ಲ. ಒಂದೊಂದಾಗಿ ಗೂಡುಗಳು ಖಾಲಿಯಾಗುತ್ತಿವೆ. ಖಾಲಿಯಾದದ್ದನ್ನು ತೊಳೆದು ಬಿಸಿಲಿಗಿಟ್ಟು, ಮತ್ತೆ ಅದೇ ಜಾಗದಲ್ಲಿ ತಂದಿಡುತ್ತೇನೆ. ಯಾಕೆಂದು ಕೇಳುವವರಿಲ್ಲ. ಕೆಲವು ದಿನ ಖಾಲಿ ಗೂಡಿನಿಂದಲೂ ಮುಳ್ಳು ಸವರಿದ ಸದ್ದು ಬರುತ್ತದೆ. ಪಕ್ಕದ್ದರಿಂದಲೇ ಬಂದಿರುತ್ತದೆ, ಗೊತ್ತು. ಆದರೂ ಬಗ್ಗಿ ನೋಡುತ್ತೇನೆ.

ಹದಿನಾಲ್ಕು ಇನ್ನೂ ಇದೆ. ಮುಖದ ಕೂದಲು ಬೆಳ್ಳಗಾಗಿದೆ, ಕುಂಟು ಜಾಸ್ತಿಯಾಗಿದೆ. ಅದು ಮತ್ತೆ ಹೆರಲಿಲ್ಲ. ನಾನು ತಟ್ಟೆ ಇಡಲು ಗೂಡಿನ ಬಾಗಿಲು ತೆಗೆದರೆ ತಿನ್ನಲು ಬರುವುದಿಲ್ಲ. ಮೊದಲು ಪೆಟ್ಟಿಗೆಯೊಳಕ್ಕೆ ಓಡುತ್ತದೆ. ಒಳಗೆ ಎಲೆ ಸರಸರ ಎನ್ನುವುದು ಕೇಳುತ್ತದೆ. ಒಂದು ದಿನ ತಡೆಯದೆ ತೂತಿನಿಂದ ಇಣುಕಿದೆ. ಹಾಸಿಗೆಯ ನಡುವಿನ ಖಾಲಿ ಕುಳಿಯ ಮೇಲೆ ಬಾಯಿಂದ ಎಲೆ ಎಳೆದು ಎಳೆದು ಮುಚ್ಚುತ್ತಿತ್ತು, ಮೇಲೆ ಎರಡು ಮುಂಗಾಲಿನಿಂದ ಒತ್ತುತ್ತಿತ್ತು. ಎಲ್ಲೂ ಸಂದಿಲ್ಲದ ಹಾಗೆ ಮುಚ್ಚಿ ಆದ ಮೇಲೆ ಅದರ ಮೇಲೆ ಅಡ್ಡ ಮಲಗಿ, ನಾನಿರುವ ಕಡೆಗೆ ಮುಖ ಮಾಡಿತು. ನಾನು ಹೊರಗೆ ಹೋಗುವವರೆಗೂ ಅಲ್ಲಿಂದ ಏಳುವುದಿಲ್ಲ. ಹಾಗಾಗಿ ಈಗ ತಟ್ಟೆ ಇಟ್ಟವಳು ಅಲ್ಲಿ ನಿಲ್ಲುವುದಿಲ್ಲ. ಬೇಗ ಹೊರಟುಬಿಡುತ್ತೇನೆ.